ಅಕ್ಷರಕ್ಕೆ ಇಷ್ಟು

ಕಿಯೋಜಾದ ಕಾಲುವೆ ಪಕ್ಕ, ಮೀನುಬಲೆ ಒಣಗುವ ಓಣಿಯಲ್ಲಿ
ಬೆಪಿ ಯಜಮಾನನ ಕಲ್ಲಿನಂಗಡಿ. ನಾನು ಅಲ್ಲಿ
ಹದಿನಾರರ ಹುಡುಗ, ಉಳಿ ಹಿಡಿದು ಎರಡನೇ ವರ್ಷ.
ಗೋರಿಯ ಲ್ಯಾಟಿನ್ನಿಗೆ ದರ: ಅಕ್ಷರಕ್ಕೆ ಇಷ್ಟು ಲಿರಾ.
ಅರ್ಥಕ್ಕೆ ಬೇರೆ ದುಡ್ಡಿಲ್ಲ.

ಆ ಫೆಬ್ರವರಿ, ಬೋರಾ ಗಾಳಿ ಎದ್ದ ಮೂರನೇ ದಿನ
ಹಳದಿ ಹಾಯಿಯ ದೋಣಿಯೊಂದು ಮರಳಲಿಲ್ಲ.
ವರ್ಷ ತುಂಬಿದ ಮೇಲೆ ಓರ್ಸೊಲಾ ಬಂದಳು,
ಕರವಸ್ತ್ರದಲ್ಲಿ ಗಂಟು ಕಟ್ಟಿದ ದುಡ್ಡು.
"ಹೆಸರು ಫೊರ್ತುನಾತೊ. ಸತ್ತ ಅಂತ ಮಾತ್ರ ಬರೀಬೇಡಿ.
ನಾನು ನೋಡಿಲ್ಲ."

ಬೆಪಿ ಗಡ್ಡ ಕೆರೆದ. ಅವನಿಗೆ ಬರುತ್ತಿದ್ದುದು
ಸತ್ತವರ ಲ್ಯಾಟಿನ್ ಒಂದೇ.
ನನ್ನನ್ನು ಅಟ್ಟಿದ, ಸೇತುವೆಯಾಚೆ ಮೂರನೇ ಮಹಡಿಗೆ,
ಪಾಠ ಬಿಟ್ಟು ಹತ್ತು ವರ್ಷವಾದ ಎವುಫೇಮಿಯಾ ಟೀಚರ ಬಳಿ.

ಸಾರ್ಡಿನ್ ಮೀನಿನ ಮುಳ್ಳು ಬಿಡಿಸುತ್ತಲೇ ಶುರುಮಾಡಿದರು:
"ಕೃದಂತ ಅಂದರೆ ಎರಡು ಮನೆಯ ಕೂಸು ಕಣೋ.
ಹೆತ್ತದ್ದು ಕ್ರಿಯಾಪದ, ಕಾಲ ಅಲ್ಲಿಂದ ಬಂತು.
ಸಾಕಿದ್ದು ನಾಮಪದ; ಲಿಂಗ, ವಚನ, ವಿಭಕ್ತಿ
ಅದು ತೊಡಿಸಿದ ಅಂಗಿ.
ನಾಮಪದ ಷಷ್ಠಿಗೆ ಹೋದರೆ ಇದೂ ಬೆನ್ನಹಿಂದೆ ಷಷ್ಠಿಗೆ.
ಸತ್ತವನು, ಮೊರ್ತುವುಸ್: ವೇಷ ಕರ್ಮಣಿಯದು, ಒಳಗೆ ಕರ್ತರಿ.
ಸಾವು ನಮಗೆ ಆಗುವಂತೆ ಕಾಣುತ್ತೆ,
ಸಾಯುವ ಕೆಲಸ ಮಾತ್ರ ನಾವೇ ಮಾಡಬೇಕು."
ಮುಳ್ಳೊಂದನ್ನು ತಟ್ಟೆಯ ಅಂಚಿಗೆ ಅಂಟಿಸಿದರು.
"ಅವಳಿಗೆ ಅದು ಬೇಡವಲ್ಲ, ಇದನ್ನು ಬರಕೋ:
ರೆದಿತೂರುಸ್. ಮರಳಲಿರುವವನು.
ಬಂದೇ ಬರುತ್ತಾನೆ ಅಂತಲ್ಲ,
ಮುಖ ಈ ಕಡೆಗಿದೆ ಅಂತಷ್ಟೇ.
ಕಲ್ಲು ಯಾರಿಗೆ? ಅವನಿಗೆ. ಹಾಗಾಗಿ ಚತುರ್ಥಿ: ರೆದಿತೂರೋ.
ಹೆಸರನ್ನೂ ಚತುರ್ಥಿಗೆ..." ತಡೆದರು, ನಕ್ಕರು.
"ಫೊರ್ತುನಾತೋ. ಬದಲಿಸುವುದೇನೂ ಇಲ್ಲ.
ಅದೂ ಕೃದಂತವೇ, ಭಾಗ್ಯ ಕರುಣಿಸಲ್ಪಟ್ಟವನು.
ಊಟಕ್ಕೆ ಕಿಟಕಿಯಿಂದ ಕರೆದಾಗಲೆಲ್ಲ ಓರ್ಸೊಲಾ
ಚತುರ್ಥಿಯಲ್ಲೇ ಕರೆದಿದ್ದಾಳೆ, ಪಾಪ, ಗೊತ್ತಿಲ್ಲದೆ."

ಆಮೇಲೆ ಅವಳಿಗೊಂದು ಪದ: ಮಾನೆನ್ಸ್. ಕಾದು ಉಳಿದಿರುವವಳು.
"ಉಳಿದಿರುವವನು ಅಂದರೂ ಇದೇ ರೂಪ.
ಪ್ರಥಮೆಯಲ್ಲಿ ಕಾಯುವುದಕ್ಕೆ ಹೆಣ್ಣು ಗಂಡು ಇಲ್ಲ."

ಬೆಪಿ ಲೆಕ್ಕ ಹಾಕಿದ:
ಸತ್ತವನಿಗೆ ಆರು ಅಕ್ಷರ, ಮರಳಲಿರುವವನಿಗೆ ಎಂಟು.
"ಎರಡು ಹೆಚ್ಚು ಬೀಳುತ್ತೆ, ತಾಯಿ."
ಅವಳು ಗಂಟು ಬಿಚ್ಚಿದಳು.

ಇಸ್ಟ್ರಿಯಾದ ಬಿಳಿ ಕಲ್ಲು. ಮೊದಲ ಸಾಲು ಕೆತ್ತಿದೆ, ಹೆಸರು.
ಎರಡನೆಯದಕ್ಕೆ ಇಳಿದ ಕೈ
ರೂಢಿಯ ದಾರಿ ಹಿಡಿದು ಒಂದು 'ಎಮ್' ಕೊರೆದೇಬಿಟ್ಟಿತ್ತು,
ಸತ್ತವರ 'ಎಮ್', ಮೂರು ಮಿಲಿಮೀಟರ್ ಆಳ.
ಬೆಪಿಯ ಕೈ ನನ್ನ ಕೆನ್ನೆಗೆ. ಮತ್ತೆ ಸೇತುವೆ ದಾಟಿ ಓಡಿದೆ.

ಟೀಚರ್ ಬಾಗಿಲಲ್ಲೇ ಅಂದರು: "ಮೂಗು ಒರೆಸಿಕೋ.
ಮಾನೆನ್ಸ್ ಕೂಡ ಅದೇ ಅಕ್ಷರದಿಂದ. ಅದನ್ನೇ ಮೊದಲು ಕೆತ್ತು.
ಲ್ಯಾಟಿನ್ನಿನಲ್ಲಿ ಯಾರು ಎಲ್ಲಿ ನಿಂತರೂ ನಡೆಯುತ್ತೆ,
ಕೊನೆಯ ಸ್ವರ ತನ್ನವರ ಗುರುತು ಹಿಡಿಯುತ್ತೆ."

ಹೀಗೆ ನಿಂತಿತು ಕಲ್ಲು:
ಫೊರ್ತುನಾತೋ
ಮಾನೆನ್ಸ್
ರೆದಿತೂರೋ.
ಮೇಲೊಂದು ಓ, ಕೆಳಗೊಂದು ಓ, ನಡುವೆ ಅವಳು.
ನೆಟ್ಟಳು, ಅತ್ತಳು ಎಂಬ ಕ್ರಿಯಾಪದ ಒಂದೂ ಇಲ್ಲ.
ಕೃದಂತದ ಕಾಲವನ್ನು ಮುಖ್ಯ ಕ್ರಿಯೆಯಿಂದ ಅಳೆಯಬೇಕಂತೆ.
ಇಲ್ಲಿ ಅಳತೆಕೋಲೇ ಇಲ್ಲ.

ಈಗ ಅಂಗಡಿ ನನ್ನದು. ಓರ್ಸೊಲಾ ಹೋಗಿ ಹನ್ನೊಂದು ವರ್ಷ.
ಮೊನ್ನೆ ಅವಳ ಸೋದರಳಿಯ ವಿಂಚೆಂಜೊ ಬಂದಿದ್ದ:
"ಕಾಯುತ್ತಿರುವವಳು ಅಂತಿದೆಯಂತಲ್ಲ, ಈಗ ಅದು ಸುಳ್ಳಲ್ಲವಾ?
ಕಾದವಳು ಅಂತ ತಿದ್ದಿಕೊಡಿ, ಎಷ್ಟಾಗುತ್ತೋ ಆಗಲಿ."
ಟೀಚರ ಹಳೆಯ ಕೋಷ್ಟಕ ತೆಗೆದು ಬೆರಳಿಟ್ಟು ಹುಡುಕಿದೆ.
ಕಾಯುತ್ತಿರುವವಳು ಇದ್ದಾಳೆ. ಕಾಯಲಿರುವವಳೂ ಇದ್ದಾಳೆ.
ಕಾದವಳ ಮನೆ ಖಾಲಿ.
ಆ ಭಾಷೆ ಅಂಥ ರೂಪವನ್ನೇ ಮಾಡಿಕೊಳ್ಳಲಿಲ್ಲ.

ಪಾಚಿ ಉಜ್ಜಿ ಕೊಟ್ಟೆ.
ಅದಕ್ಕೆ ದರ ಬೇರೆ.